ಗಾಳಿ ಬೀಸಿದವರ ಪರವಾಗಿ: ಸರ್ ವಿಲಿಯಂ ಕ್ಯೂಬಿಟ್ ಅವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸರ್ ವಿಲಿಯಂ ಕ್ಯೂಬಿಟ್ ಅವರಿಗೆ,



ನೀವು ತೀರಿಕೊಂಡದ್ದು 1861ರಲ್ಲಿ. ಅದರ ಹಿಂದಿನ ವರ್ಷವಷ್ಟೇ ನಿಮ್ಮವರು ಭಾರತೀಯರಾದ ನಮಗೊಂದು ದಂಡ ಸಂಹಿತೆಯನ್ನು ಬರೆದುಕೊಟ್ಟಿದ್ದರು. ಸೆರೆವಾಸದಲ್ಲಿ ಎರಡು ಬಗೆ ಎಂದು ಅದರ 53ನೇ ಕಲಂ ಹೇಳಿತ್ತು: ಒಂದು ಸಾದಾ ಸಜೆ, ಇನ್ನೊಂದು ಕಠಿಣ ದುಡಿಮೆಯೊಡನೆ ಕೂಡಿದ ಕಠಿಣ ಸಜೆ. ಆ ಸಂಹಿತೆಯನ್ನು ನಾವು 2024ರ ಜುಲೈ 1ರಂದು ಬದಿಗಿಟ್ಟೆವು. ವಸಾಹತು ಕಾಲದ ಕಾನೂನು ತೊಲಗಿತೆಂದು ಸರ್ಕಾರ ಸಾರಿತು. ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 4ನೇ ಕಲಂ ತೆರೆದರೆ ಅಲ್ಲಿಯೂ ಅವೇ ಎರಡು ಬಗೆ, ಅದೇ ಕಠಿಣ ದುಡಿಮೆ. ನಿಮ್ಮ ದೇಶ 1948ರಲ್ಲೇ ಅಳಿಸಿಹಾಕಿದ ಮಾತು ನಮ್ಮ ಹೊಸ ಪುಸ್ತಕದಲ್ಲಿ ಇನ್ನೂ ಇದೆ. ದುಡಿಮೆಯನ್ನು ಶಿಕ್ಷೆಯಾಗಿಸಿದ ಚರಿತ್ರೆಯಲ್ಲಿ ನಿಮ್ಮ ಹೆಸರು ದೊಡ್ಡದು. ಹಾಗಾಗಿ ಈ ಪತ್ರ ನಿಮಗೆ. ಓದಿ ಯೋಚಿಸಬೇಕಾದವರು ಇಲ್ಲಿರುವ ನಾವು.

ನಿಮ್ಮನ್ನು ಕ್ರೂರಿ ಎಂದು ಕರೆಯಲು ಇದನ್ನು ಬರೆಯುತ್ತಿಲ್ಲ. ನಿಮ್ಮ ಬದುಕನ್ನು ತಿಳಿದವರು ಯಾರೂ ಹಾಗೆ ಕರೆಯಲಾರರು. ನೀವು ಇಂಗ್ಲೆಂಡಿನ ನಾರ್ಫೋಕ್ ಪ್ರಾಂತ್ಯದ ಒಬ್ಬ ಗಿರಣಿಯವರ ಮಗ. ಗಾಳಿಗಿರಣಿಯ ರೆಕ್ಕೆಗೆ ಬಟ್ಟೆ ಕಟ್ಟುವ, ಬಿಚ್ಚುವ ಕಷ್ಟವನ್ನು ಹತ್ತಿರದಿಂದ ಕಂಡವರು. ಗಾಳಿ ಬಿರುಸಾದಾಗಲೆಲ್ಲ ಗಿರಣಿ ನಿಲ್ಲಿಸಿ, ಒಂದೊಂದೇ ರೆಕ್ಕೆಯ ಬಟ್ಟೆ ಮಡಚಬೇಕಿತ್ತು. ತಡವಾದರೆ ಗಿರಣಿಯೇ ಮುರಿದು ಬೀಳುತ್ತಿತ್ತು. 1807ರಲ್ಲಿ ನೀವು ಗಾಳಿಯ ಬಲಕ್ಕೆ ತಕ್ಕಂತೆ ತಾವಾಗಿಯೇ ತೆರೆದು ಮುಚ್ಚುವ ಹಲಗೆಗಳ ರೆಕ್ಕೆಯನ್ನು ಕಂಡುಹಿಡಿದು ಪೇಟೆಂಟ್ ಪಡೆದಿರಿ. ಎಷ್ಟೋ ಗಿರಣಿಯವರ ಬೆನ್ನಿನ ಭಾರ ಅದರಿಂದ ಇಳಿಯಿತು. ಮುಂದೆ ಕಾಲುವೆ ತೋಡಿಸಿದಿರಿ, ರೈಲು ದಾರಿ ಹಾಕಿಸಿದಿರಿ, ಸಿವಿಲ್ ಎಂಜಿನಿಯರುಗಳ ಸಂಸ್ಥೆಗೆ ಅಧ್ಯಕ್ಷರಾದಿರಿ. 1851ರ ಮಹಾ ಪ್ರದರ್ಶನಕ್ಕಾಗಿ ಲಂಡನ್ನಿನಲ್ಲಿ ಎದ್ದ ಗಾಜಿನ ಅರಮನೆಯ ಕಟ್ಟೋಣದ ಮೇಲ್ವಿಚಾರಣೆ ನಿಮ್ಮದು. 'ಸರ್' ಪದವಿ ಬಂದದ್ದೂ ಆಗಲೇ. ಮನುಷ್ಯನ ದುಡಿಮೆಯ ಹಿರಿಮೆಯನ್ನು ಜಗತ್ತಿಗೆ ತೋರಿಸಲು ಕಟ್ಟಿದ ಆ ಅರಮನೆಯಲ್ಲಿ ನಿಮ್ಮ ಇನ್ನೊಂದು ಯಂತ್ರ ಇರಲಿಲ್ಲ. ಅದು ಜೈಲುಗಳೊಳಗೆ ತಿರುಗುತ್ತಿತ್ತು.

ಆ ಯಂತ್ರ ಹುಟ್ಟಿದ ಬಗೆಯನ್ನು ಹೀಗೆ ಹೇಳುತ್ತಾರೆ. ಬರಿ ಸೇಂಟ್ ಎಡ್ಮಂಡ್ಸ್ ಎಂಬ ಊರಿನ ಜೈಲಿನಲ್ಲಿ ಕೈದಿಗಳು ಕೆಲಸವಿಲ್ಲದೆ ಅಡ್ಡಾಡಿಕೊಂಡಿದ್ದರು. ಅಲ್ಲಿನ ಮ್ಯಾಜಿಸ್ಟ್ರೇಟರೊಬ್ಬರು ಬೇಸತ್ತು, ಇವರಿಗೆ ಏನಾದರೊಂದು ಕೆಲಸ ಹುಡುಕಿಕೊಡಿ ಎಂದು ನಿಮ್ಮನ್ನು ಕೇಳಿದರು. ಪ್ರಶ್ನೆ ಒಳ್ಳೆಯದೇ. ವರ್ಷಗಟ್ಟಲೆ ಸುಮ್ಮನೆ ಕೂರುವುದು ಮನುಷ್ಯನನ್ನು ಒಳಗಿನಿಂದ ತಿನ್ನುತ್ತದೆ. 1818ರ ಸುಮಾರಿಗೆ ನೀವು ಕೊಟ್ಟ ಉತ್ತರ ತುಳಿಚಕ್ರ: ಸುತ್ತಲೂ ಮೆಟ್ಟಿಲುಗಳಿರುವ ಉದ್ದನೆಯ ಉರುಳೆ. ಕೈದಿಗಳು ಸಾಲಾಗಿ ನಿಂತು, ಮೇಲಿನ ಕಂಬಿಯನ್ನು ಹಿಡಿದು, ಮೆಟ್ಟಿಲು ತುಳಿಯುತ್ತಾರೆ. ತುಳಿದ ಮೆಟ್ಟಿಲು ಕೆಳಗಿಳಿಯುತ್ತದೆ, ಮುಂದಿನದು ಎದುರಿಗೆ ಬರುತ್ತದೆ. ಎಷ್ಟು ಹತ್ತಿದರೂ ನಿಂತ ಜಾಗ ಮಾತ್ರ ಬದಲಾಗುವುದಿಲ್ಲ.

ಈ ಯೋಚನೆ ಪೂರ್ತಿ ನಿಮ್ಮದಲ್ಲ ಎಂಬುದನ್ನೂ ಹೇಳಬೇಕು. ಆಮ್‌ಸ್ಟರ್‌ಡಾಮಿನಲ್ಲಿ 1596ರಲ್ಲೇ ತೆರೆದ ಸೆರೆಮನೆಯಲ್ಲಿ ಕೈದಿಗಳು ಬ್ರೆಜಿಲ್ ಮರದ ಗಟ್ಟಿ ದಿಮ್ಮಿಗಳನ್ನು ಅರದಿಂದ ಉಜ್ಜಿ, ಬಟ್ಟೆಗೆ ಬಣ್ಣ ಹಾಕುವವರಿಗೆ ಬೇಕಾದ ಪುಡಿ ಮಾಡುತ್ತಿದ್ದರು. ನಿಮ್ಮ ದೇಶ ತನ್ನ ಅಪರಾಧಿಗಳನ್ನು ಅಮೆರಿಕಕ್ಕೆ ಸಾಗಿಸಿ ಕೈತೊಳೆದುಕೊಳ್ಳುತ್ತಿತ್ತು. ಅಮೆರಿಕ ಬಂಡೆದ್ದು ಆ ದಾರಿ ಮುಚ್ಚಿದಾಗ, 1776ರಲ್ಲಿ ಅವಸರದ ಕಾಯಿದೆಯೊಂದನ್ನು ಮಾಡಿ, ಕೈದಿಗಳನ್ನು ಥೇಮ್ಸ್ ನದಿಯಲ್ಲಿ ನಿಂತ ಹಳೆಯ ಹಡಗುಗಳಲ್ಲಿ ತುಂಬಿ, ಹೊಳೆಯ ಮರಳು ಜಲ್ಲಿ ಎತ್ತಿಸಿದರು. 1779ರ ಕಾಯಿದೆ ಇನ್ನೂ ಮುಂದೆ ಹೋಗಿ, ಎಂಥ ಕೆಲಸ ಕೊಡಬೇಕೆಂದು ಪಟ್ಟಿ ಮಾಡಿತು: ಚಕ್ರ ತುಳಿಯುವುದು, ಕಲ್ಲು ಕೊಯ್ಯುವುದು, ಸೆಣಬು ಬಡಿಯುವುದು, ಚಿಂದಿ ಕತ್ತರಿಸುವುದು. ತೀರ ಕೀಳೂ ತೀರ ಕಠಿಣವೂ ಆದ ಕೆಲಸವೇ ಬೇಕೆಂಬುದು ಆ ಪಟ್ಟಿಯ ಆಶಯ. ಯೋಚನೆ ಕಾಗದದ ಮೇಲಿತ್ತು. ಅದು ಸಲೀಸಾಗಿ ನಡೆಯುವಂತೆ ಮಾಡಿದವರು ನೀವು.

ಲಂಡನ್ನಿನ ಬ್ರಿಕ್ಸ್‌ಟನ್ ಜೈಲಿನಲ್ಲಿ 1821ರಲ್ಲಿ ನಿಮ್ಮ ಚಕ್ರವನ್ನು ಸ್ಥಾಪಿಸಿದರು. ಅದು ಹೊರಗಿನ ಗಿರಣಿಯಲ್ಲಿ ಧಾನ್ಯ ಬೀಸುತ್ತಿತ್ತು. ಕೈದಿಗಳ ಸುಧಾರಣೆಗೆಂದೇ ಹುಟ್ಟಿದ ಸಂಘವೊಂದು ಅದನ್ನು ಊರೂರಿಗೆ ಶಿಫಾರಸು ಮಾಡಿತು. ಕೆಲವೇ ವರ್ಷಗಳಲ್ಲಿ ಹತ್ತಾರು ಜೈಲುಗಳಿಗೆ ಅದು ಹಬ್ಬಿತು. ಗಂಡಸರ ಜೊತೆಗೆ ಹೆಂಗಸರನ್ನೂ ಅದರ ಮೇಲೆ ನಿಲ್ಲಿಸಿದರು. ಉರುಳೆಗೆ 24 ಮೆಟ್ಟಿಲು, ನಿಮಿಷಕ್ಕೆ ಎರಡು ಸುತ್ತು ಎಂದರೆ ನಿಮಿಷಕ್ಕೆ 48 ಹೆಜ್ಜೆ. ಶ್ರವಣಬೆಳಗೊಳದ ವಿಂಧ್ಯಗಿರಿಗೆ 600ಕ್ಕೂ ಹೆಚ್ಚು ಮೆಟ್ಟಿಲುಗಳಿವೆ. ನಮ್ಮ ಅಜ್ಜಿಯಂದಿರೂ ಅಲ್ಲಲ್ಲಿ ಕೂತು, ನೀರು ಕುಡಿದು, ಉಸಿರು ಸುಧಾರಿಸಿಕೊಂಡು ಅದನ್ನು ಹತ್ತುತ್ತಾರೆ. ಹತ್ತಿದ ಮೇಲೆ ಬಾಹುಬಲಿಯನ್ನು ನೋಡಿ ಕಾಲುನೋವು ಮರೆಯುತ್ತಾರೆ. ನಿಮ್ಮ ಚಕ್ರದ ಮೇಲೆ ನಿಂತವನು ಅಷ್ಟು ಮೆಟ್ಟಿಲನ್ನು ಕಾಲು ಗಂಟೆಯಲ್ಲಿ ತುಳಿಯುತ್ತಿದ್ದ. ಇಳಿದು ಕ್ಷಣಕಾಲ ಕೂತು ಮತ್ತೆ ಹತ್ತುತ್ತಿದ್ದ, ದಿನವಿಡೀ, ತಿಂಗಳುಗಟ್ಟಲೆ. ಪಕ್ಕದವನ ಮುಖ ಕಾಣದಂತೆ ನಡುವೆ ಹಲಗೆಯ ಗೋಡೆ ಇಟ್ಟರು. ಮಾತಾಡುವಂತಿರಲಿಲ್ಲ.

ಇಲ್ಲಿಯವರೆಗೆ ಅದು ಕಷ್ಟದ ಕೆಲಸ, ಆದರೂ ಕೆಲಸ. ಕೊನೆಗೆ ಹಿಟ್ಟಾದರೂ ಸಿಗುತ್ತಿತ್ತು. ಆಮೇಲೆ ಆದದ್ದು ಬೇರೆ. ಎಷ್ಟೋ ಜೈಲುಗಳು ಗಿರಣಿಯ ಗೊಡವೆಗೇ ಹೋಗದೆ ಚಕ್ರವನ್ನು ಮಾತ್ರ ಇಟ್ಟುಕೊಂಡವು. ಕಾಳೂ ಇಲ್ಲ, ಕಲ್ಲೂ ಇಲ್ಲ. ಕೈದಿಗಳ ಕಾಲಿನ ಬಲ ಗಾಳಿಯಲ್ಲಿ ತಿರುಗುವ ರೆಕ್ಕೆಗಳಿಗೆ ಹೋಗಿ ಸೇರುತ್ತಿತ್ತು. ಗಾಳಿ ಬೀಸುತ್ತಿದ್ದೇವೆ ಎಂದು ಕೈದಿಗಳೇ ಅದಕ್ಕೊಂದು ಹೆಸರು ಕೊಟ್ಟರು. ಕ್ಯೂಬಿಟ್ ಅವರೇ, ಇಪ್ಪತ್ತರ ಹರೆಯದಲ್ಲಿ ನೀವು ಗಾಳಿಯ ಕೈಯಿಂದ ಕಾಳು ಬೀಸಿಸಿ ಮನುಷ್ಯನ ಶ್ರಮ ಉಳಿಸಿದಿರಿ. ನಿಮ್ಮ ಎರಡನೆಯ ಯಂತ್ರ ಮನುಷ್ಯನ ಕೈಯಿಂದ ಗಾಳಿಯನ್ನೇ ಬೀಸಿಸಿತು. ಈ ಎರಡರ ನಡುವೆ ನಿಮ್ಮ ಜಾಣ್ಮೆಯೇನೂ ಕಡಿಮೆಯಾಗಿರಲಿಲ್ಲ. ಯಾರಿಗಾಗಿ ಈ ಯಂತ್ರ ಎಂಬ ಪ್ರಶ್ನೆಗೆ ಸಿಕ್ಕ ಉತ್ತರ ಬದಲಾಗಿತ್ತು. ಗಾಳಿಗಿರಣಿಯನ್ನು ಅದನ್ನು ನಡೆಸುವವನಿಗಾಗಿ ಮಾಡಿದಿರಿ. ತುಳಿಚಕ್ರವನ್ನು ಅದನ್ನು ನಡೆಸುವವನ ವಿರುದ್ಧ ಮಾಡಿದಿರಿ.

ವಿರೋಧ ಬರಲಿಲ್ಲವೆಂದಲ್ಲ. ಡಾಕ್ಟರ್ ಜಾನ್ ಮೇಸನ್ ಗುಡ್ ಈ ಚಕ್ರ ದೇಹಕ್ಕೆ ಮಾಡುವ ಕೇಡನ್ನು, ಅದರಲ್ಲೂ ಹೆಂಗಸರ ದೇಹಕ್ಕೆ ಮಾಡುವ ಕೇಡನ್ನು ಬರೆದು ಎಚ್ಚರಿಸಿದರು. ಸರ್ ಜಾನ್ ಕಾಕ್ಸ್ ಹಿಪ್ಪಿಸ್ಲಿ ಎಂಬ ಮ್ಯಾಜಿಸ್ಟ್ರೇಟರು ತುಳಿಚಕ್ರದ ವಿರುದ್ಧ ಪುಸ್ತಕವನ್ನೇ ಬರೆದರು. ಅದರ ಬದಲಿಗೆ ಅವರು ಸೂಚಿಸಿದ್ದು ಕೈಯಿಂದ ತಿರುಗಿಸುವ ಯಂತ್ರ. ಇಡೀ ಚರಿತ್ರೆಯ ದುರಂತ ನನಗೆ ಕಾಣುವುದು ಇಲ್ಲಿ. ಯಂತ್ರ ಕೆಟ್ಟದ್ದೆಂದು ಕಂಡವರೂ ಇನ್ನೊಂದು ಯಂತ್ರವನ್ನು ಹುಡುಕಿದರು. ದುಡಿಮೆಯಿಂದ ಮನುಷ್ಯನನ್ನು ಹೊಡೆಯಬಹುದೆಂಬ ನಂಬಿಕೆಯನ್ನು ಯಾರೂ ಮುಟ್ಟಲಿಲ್ಲ.

ಆ ಕೈಯಂತ್ರ ಒಂಟಿ ಕೋಣೆಗಳೊಳಗೆ ಸೇರಿಕೊಂಡು ಏನಾಯಿತೆಂದು ಬರ್ಮಿಂಗ್‌ಹ್ಯಾಮ್ ಜೈಲು ತೋರಿಸಿತು. ಎಡ್ವರ್ಡ್ ಆಂಡ್ರೂಸ್ 15 ವರ್ಷದ ಹುಡುಗ. ನಾಲ್ಕು ಪೌಂಡ್ ಮಾಂಸ ಕದ್ದದ್ದಕ್ಕೆ ಮೂರು ತಿಂಗಳ ಸಜೆ. ದಿನಕ್ಕೆ 10,000 ಬಾರಿ ಕೈಹಿಡಿ ತಿರುಗಿಸಬೇಕು. ಬೆಳಗಿನ ತಿಂಡಿಗೆ ಇಷ್ಟು, ಮಧ್ಯಾಹ್ನದ ಊಟಕ್ಕೆ ಇಷ್ಟು, ರಾತ್ರಿಯ ಊಟಕ್ಕೆ ಇಷ್ಟು ಸುತ್ತು ಎಂದು ಲೆಕ್ಕ. ಸುತ್ತು ಮುಗಿಯದಿದ್ದರೆ ಊಟವಿಲ್ಲ, ಬರೀ ರೊಟ್ಟಿ-ನೀರು. ಆ ಯಂತ್ರ ಏನನ್ನೂ ತಯಾರಿಸುತ್ತಿರಲಿಲ್ಲ, ಸುತ್ತು ಎಣಿಸುತ್ತಿತ್ತು. ಸುತ್ತು ಮುಗಿಸಲಾಗದ ಹುಡುಗನನ್ನು ಬಿಗಿ ಅಂಗಿಯಲ್ಲಿ ಗೋಡೆಗೆ ಕಟ್ಟಿದರು, ತಣ್ಣೀರು ಸುರಿದರು. 1853ರ ಏಪ್ರಿಲ್‌ನಲ್ಲಿ ಅವನು ತನ್ನ ಕೋಣೆಯ ಕಿಟಕಿಗೆ ನೇಣು ಹಾಕಿಕೊಂಡ. ವಿಚಾರಣಾ ಆಯೋಗ ನೇಮಕವಾಯಿತು, ದೇಶವೆಲ್ಲ ಮರುಗಿತು. ಜೈಲಿನ ಗವರ್ನರ್ ಲೆಫ್ಟಿನೆಂಟ್ ಆಸ್ಟಿನ್ ಮೇಲೆ ಮೊಕದ್ದಮೆ ನಡೆದು ಅವನಿಗೂ ಮೂರು ತಿಂಗಳ ಸಜೆಯಾಯಿತು. ಮಾಂಸದ ತುಂಡಿಗೆ ಮೂರು ತಿಂಗಳು, ಹುಡುಗನನ್ನು ಸಾವಿನತ್ತ ತಳ್ಳಿದ ಆಡಳಿತಕ್ಕೂ ಮೂರೇ ತಿಂಗಳು.

ಇಷ್ಟಾದ ಮೇಲೆ ಕಾನೂನು ಮೆತ್ತಗಾಗಲಿಲ್ಲ, ಗಟ್ಟಿಯಾಯಿತು. 1865ರ ಜೈಲು ಕಾಯಿದೆ ಕಠಿಣ ದುಡಿಮೆಗೆ ದರ್ಜೆ ಕೊಟ್ಟಿತು. ತುಳಿಚಕ್ರ, ಕೈಯಂತ್ರ, ಕಲ್ಲು ಒಡೆಯುವುದು, ಗುಂಡು ಹೊರುವುದು ಮೊದಲ ದರ್ಜೆ. ಗುಂಡು ಹೊರುವುದೆಂದರೆ ಭಾರದ ಕಬ್ಬಿಣದ ಗುಂಡನ್ನು ಎತ್ತಿ, ಹೆಜ್ಜೆಯಳತೆಯಲ್ಲಿ ಆಚೆ ಇಟ್ಟು, ಮತ್ತೆ ಈಚೆ ತರುವುದು. ಇನ್ನು ಬೆರಳಿಗೆ ಕೊಟ್ಟ ಕೆಲಸವೆಂದರೆ, ಟಾರು ಮೆತ್ತಿ ಕಲ್ಲಿನಂತಾದ ಹಡಗಿನ ಹಳೆಯ ಹಗ್ಗವನ್ನು ಉಗುರಿನಿಂದ ಕೆದಕಿ ನಾರು ನಾರಾಗಿ ಬಿಡಿಸುವುದು.

1895ರ ಮೇ 25ರಂದು ಎರಡು ವರ್ಷದ ಕಠಿಣ ಸಜೆಗೆ ಗುರಿಯಾದ ಲೇಖಕ ಆಸ್ಕರ್ ವೈಲ್ಡ್ ಚಕ್ರವನ್ನೂ ತುಳಿದರು, ಹಗ್ಗವನ್ನೂ ಬಿಡಿಸಿದರು. ಬಿಡುಗಡೆಯಾದ ಕೂಡಲೇ ಅವರು ಪತ್ರಿಕೆಗೆ ಬರೆದದ್ದು ತಮ್ಮ ಬಗ್ಗೆ ಅಲ್ಲ. ಹಸಿದ ಮಗುವೊಂದಕ್ಕೆ ಬಿಸ್ಕತ್ತು ಕೊಟ್ಟ ತಪ್ಪಿಗೆ ಕೆಲಸ ಕಳೆದುಕೊಂಡ ವಾರ್ಡರ್ ಬಗ್ಗೆ, ಜೈಲಿನೊಳಗಿದ್ದ ಮಕ್ಕಳ ಬಗ್ಗೆ. ಅದೇ 1895ರಲ್ಲಿ ಸರ್ಕಾರಿ ಸಮಿತಿಯೊಂದು ಚಕ್ರ ಮತ್ತು ಕೈಯಂತ್ರದ ದುಡಿಮೆ ವ್ಯರ್ಥವೆಂದು ವರದಿ ಕೊಟ್ಟಿತ್ತು. 1898ರ ಕಾಯಿದೆಯ ನಂತರ ಅವು ಜೈಲುಗಳಿಂದ ಮರೆಯಾದವು. ಕಠಿಣ ದುಡಿಮೆ ಎಂಬ ಶಿಕ್ಷೆಯೇ 1948ರಲ್ಲಿ ರದ್ದಾಯಿತು.

ನಿಮ್ಮ ಚಕ್ರ ಇಂಗ್ಲೆಂಡಿನಲ್ಲೇ ನಿಲ್ಲಲಿಲ್ಲ ಎಂಬುದನ್ನು ನೀವು ಬದುಕಿದ್ದಾಗಲೇ ಓದಿರಬಹುದು. 1834ರ ಆಗಸ್ಟ್ 1ರಂದು ಜಮೈಕಾದಲ್ಲಿ ಗುಲಾಮಗಿರಿ ಕೊನೆಗೊಂಡಿತು. ಬಿಡುಗಡೆಯಾದವರು ಕೆಲವು ವರ್ಷ 'ಅಪ್ರೆಂಟಿಸ್' ಹೆಸರಿನಲ್ಲಿ ಅದೇ ಒಡೆಯರ ಬಳಿ ದುಡಿಯಬೇಕಿತ್ತು. ಒಡೆಯ ಮಾತ್ರ ಚಾಟಿ ಎತ್ತುವಂತಿಲ್ಲ. ದೂರು ಕೊಡಬೇಕು, ಮ್ಯಾಜಿಸ್ಟ್ರೇಟರು ಶಿಕ್ಷೆ ಕೊಡಬೇಕು. ಆ ಶಿಕ್ಷೆಗೆಂದು ತುಳಿಚಕ್ರಗಳು ಬಂದವು. ಜೇಮ್ಸ್ ವಿಲಿಯಮ್ಸ್ ಎಂಬ ಅಂಥ ಒಬ್ಬ ತರುಣನ ಕಥನ 1837ರಲ್ಲಿ ಅಚ್ಚಾಯಿತು. ಕೈಗಳನ್ನು ಮೇಲಿನ ಕಂಬಿಗೆ ಕಟ್ಟುತ್ತಿದ್ದರು. ಕಾಲು ತಪ್ಪಿದವರು ಕೈಯಲ್ಲೇ ತೂಗಾಡುವಾಗ ತಿರುಗುವ ಮೆಟ್ಟಿಲುಗಳು ಮೊಣಕಾಲ ಕೆಳಗೆ ಬಡಿದು ರಕ್ತ ಸುರಿಸುತ್ತಿದ್ದವು ಎಂದು ಅವನು ಹೇಳಿದ್ದಾನೆ. ಚಾಟಿಗಿಂತ ನಾಗರಿಕವಾದ ಶಿಕ್ಷೆ ಎಂದು ಅಲ್ಲಿಗೆ ಹೋದ ಯಂತ್ರದ ಪಕ್ಕದಲ್ಲೇ ಚಾಟಿ ಹಿಡಿದವನೂ ನಿಂತಿದ್ದ.

ಈಗ ನಮ್ಮ ನಾಡಿಗೆ ಬರುತ್ತೇನೆ. ಕಂಪನಿ ಸರ್ಕಾರದ ಕಾಲದಲ್ಲಿ ನಮ್ಮ ಕೈದಿಗಳು ಬೇಡಿ ತೊಟ್ಟು ರಸ್ತೆ ಹಾಕುತ್ತಿದ್ದರು. ಮೆಕಾಲೆಯವರ ಸಲಹೆಯಿಂದ ನೇಮಕವಾದ ಜೈಲು ಶಿಸ್ತು ಸಮಿತಿ 1838ರಲ್ಲಿ ವರದಿ ಕೊಟ್ಟಿತು. ರಸ್ತೆಯ ಕೆಲಸದಲ್ಲಿ ಕೈದಿಗೆ ಹೊರಗಿನ ಗಾಳಿ, ಜನರ ಮುಖ, ನಾಲ್ಕು ಮಾತು ಸಿಗುತ್ತವೆ. ಅವನನ್ನು ಒಳಗಿಟ್ಟು, ಬೇಸರ ಹುಟ್ಟಿಸುವ, ಯಾವ ಆಸಕ್ತಿಯೂ ಹುಟ್ಟದ ಕೆಲಸ ಕೊಡಬೇಕು ಎಂಬುದು ಅದರ ಸಾರ. ನಿಮ್ಮ ಚಕ್ರದ ತತ್ವ ಹೀಗೆ ಹಡಗು ಹತ್ತಿ ಬಂತು. ಇಲ್ಲಿ ಅದಕ್ಕೆ ಸಿಕ್ಕ ಮೈ ಗಾಣದ್ದು.

ಸ್ವದೇಶಿ ಹಡಗು ಕಂಪನಿ ಕಟ್ಟಿದ ವಿ.ಒ. ಚಿದಂಬರಂ ಪಿಳ್ಳೆಯವರಿಗೆ 1908ರಲ್ಲಿ ಶಿಕ್ಷೆಯಾಯಿತು. ಕೊಯಮತ್ತೂರು ಜೈಲಿನಲ್ಲಿ ಆ ವಕೀಲರನ್ನು ಎತ್ತಿನ ಬದಲು ಗಾಣಕ್ಕೆ ಕಟ್ಟಿದರು. ಆ ಗಾಣವನ್ನು ಇಂದಿಗೂ ಚೆನ್ನೈನ ಗಾಂಧಿ ಮಂಟಪದ ಆವರಣದಲ್ಲಿ ನೋಡಬಹುದು. ಅಂಡಮಾನಿನ ಸೆಲ್ಯುಲರ್ ಜೈಲಿನಲ್ಲಿ ಒಬ್ಬೊಬ್ಬರೂ ದಿನಕ್ಕೆ 30 ಪೌಂಡ್ ಕೊಬ್ಬರಿ ಎಣ್ಣೆ ತೆಗೆಯಬೇಕಿತ್ತು. ಅಳತೆ ಕಡಿಮೆಯಾದರೆ ಏಟು, ಬೇಡಿ. 1912ರಲ್ಲಿ ಕ್ರಾಂತಿಕಾರಿ ಇಂದುಭೂಷಣ್ ರಾಯ್ ಅಲ್ಲಿ ನೇಣಿಗೆ ಶರಣಾದರು. ಅವರ ಜೊತೆಗಾರ ಉಲ್ಲಾಸ್ಕರ್ ದತ್ತರು ಬುದ್ಧಿಸ್ಥಿಮಿತ ಕಳೆದುಕೊಂಡರು. ಇಲ್ಲಿ ಬೀಸಿದ್ದು ಗಾಳಿಯಲ್ಲ. ಎಣ್ಣೆ ಬರುತ್ತಿತ್ತು, ಮಾರಾಟವಾಗುತ್ತಿತ್ತು. ಹಾಗಿದ್ದೂ ನರಕ ಅದೇ. ಇದರಿಂದ ನಾನು ಕಲಿತದ್ದಿಷ್ಟು: ಕೆಲಸ ವ್ಯರ್ಥವಾದ್ದರಿಂದ ಮಾತ್ರ ಅದು ಹಿಂಸೆಯಾಗಲಿಲ್ಲ. ದುಡಿಯುವವನ ಒಪ್ಪಿಗೆ, ಕೂಲಿ, ಕಲಿಕೆ ಮೂರನ್ನೂ ಕಿತ್ತುಕೊಂಡು, ದಣಿವನ್ನಷ್ಟೇ ಅವನ ಪಾಲಿಗೆ ಬಿಟ್ಟರೆ, ಹಿಟ್ಟು ಬೀಸಿದರೂ ಎಣ್ಣೆ ತೆಗೆದರೂ ಅದು ಹಿಂಸೆಯೇ.

ನಾವು ಸ್ವತಂತ್ರರಾದ ಮೇಲೂ ಜೈಲು ಕೈಪಿಡಿಗಳು ಹಳೆಯವೇ ಉಳಿದವು. ಅದಕ್ಕೆ ನಮ್ಮದೇ ಆದ ಒಂದು ಪಾಪವನ್ನೂ ಬೆರೆಸಿದ್ದೆವು. ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಕೆಲಸ ಹಂಚುವುದಕ್ಕೆ ಜಾತಿ ಆಧಾರವಾಗಿತ್ತು: ಅಡುಗೆಗೆ 'ಮೇಲಿನ' ಜಾತಿಯವರು, ಗುಡಿಸಿ ಕಕ್ಕಸು ತೊಳೆಯಲು ಆ ಕೆಲಸಕ್ಕೆ ಹುಟ್ಟಿನಿಂದಲೇ ತಳ್ಳಲ್ಪಟ್ಟವರು. ಪತ್ರಕರ್ತೆ ಸುಕನ್ಯಾ ಶಾಂತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಈ ನಿಯಮಗಳನ್ನು ಸಂವಿಧಾನಬಾಹಿರವೆಂದು ಹೊಡೆದುಹಾಕಿದ್ದು 2024ರ ಅಕ್ಟೋಬರ್ 3ರಂದು. ಸ್ವಾತಂತ್ರ್ಯ ಬಂದು 77 ವರ್ಷಗಳಾದ ಮೇಲೆ! ಒಬ್ಬ ಕೈದಿ ಯಾವ ಅಪರಾಧ ಮಾಡಿದ ಎನ್ನುವುದಕ್ಕಿಂತ ಯಾವ ಮನೆಯಲ್ಲಿ ಹುಟ್ಟಿದ ಎನ್ನುವುದು ಅವನ 'ಕಠಿಣ ದುಡಿಮೆ'ಯನ್ನು ತೀರ್ಮಾನಿಸುತ್ತಿತ್ತು. ದುಡಿಮೆಯನ್ನು ದಂಡನೆಯೆಂದು ಒಪ್ಪಿದ ಸಮಾಜ, ಅತಿ ಹೀನವೆಂದು ತಾನೇ ತೀರ್ಮಾನಿಸಿದ ಕೆಲಸವನ್ನು ಅತಿ ದುರ್ಬಲರ ತಲೆಗೆ ಕಟ್ಟದೆ ಇರುವುದಿಲ್ಲ.

ಒಳ್ಳೆಯ ಹೆಜ್ಜೆಗಳೂ ಬಿದ್ದಿವೆ. ಕಠಿಣ ಸಜೆಯ ಕೈದಿಗಳ ದುಡಿಮೆಗೆ ನ್ಯಾಯವಾದ ಕೂಲಿ ಕೊಡಲೇಬೇಕೆಂದು ಗುಜರಾತಿನ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 1998ರಲ್ಲಿ ಹೇಳಿತು. ಆ ಕೂಲಿಯ ಒಂದು ಪಾಲು ಅಪರಾಧದಿಂದ ನೊಂದವರಿಗೆ ಸಲ್ಲುವಂತೆ ಕಾನೂನು ಮಾಡಬೇಕೆಂದೂ ಸೂಚಿಸಿತು. ಕರ್ನಾಟಕ ಸರ್ಕಾರ ಈಚಿನ ವರ್ಷಗಳಲ್ಲಿ ಕೈದಿಗಳ ಕೂಲಿಯನ್ನು ಗಣನೀಯವಾಗಿ ಏರಿಸಿದೆ. ಇದನ್ನು ಮನಸಾರೆ ಮೆಚ್ಚುತ್ತೇನೆ. ಆದರೆ 1998ರ ತೀರ್ಪು ಕೂಲಿಯನ್ನು ಹಕ್ಕಿನ ಹತ್ತಿರ ತಂದರೂ, ದುಡಿಮೆ ಮಾತ್ರ ಶಿಕ್ಷೆಯ ಭಾಗವಾಗಿಯೇ ಉಳಿಯಿತು.

ಇನ್ನೊಂದು ಕಡೆ, ಬರಿ ಸೇಂಟ್ ಎಡ್ಮಂಡ್ಸ್‌ನಲ್ಲಿ ಆ ಮ್ಯಾಜಿಸ್ಟ್ರೇಟರನ್ನು ಕಾಡಿದ ಪ್ರಶ್ನೆ ನಮ್ಮಲ್ಲಿ ಹಾಗೆಯೇ ಇದೆ. 2022ರ ಅಂಕಿಅಂಶದಂತೆ ಭಾರತದ ಜೈಲುಗಳಲ್ಲಿ 5.7 ಲಕ್ಷಕ್ಕೂ ಹೆಚ್ಚು ಜನರಿದ್ದರು. ಅವರಲ್ಲಿ ಪ್ರತಿ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು. ತಪ್ಪು ಮಾಡಿದ್ದಾರೆಂದು ಇನ್ನೂ ತೀರ್ಮಾನವಾಗದವರು. ಕಾನೂನು ಅವರನ್ನು ದುಡಿಸುವಂತಿಲ್ಲ, ಅದು ಸರಿ. ದುಡಿಯಲು ಬಯಸುವವರಿಗೆ ಕೆಲಸ ಒದಗಿಸುವ ಹೊಣೆಯನ್ನೂ ಯಾರೂ ಹೊರುವುದಿಲ್ಲ, ಅದು ತಪ್ಪು. ಹೊರಗೆ ಹೆಂಡತಿ ಮಕ್ಕಳು ಸಾಲದಲ್ಲಿರುವಾಗ, ಗಾರೆ ಕೆಲಸದವನೊಬ್ಬ ವರ್ಷಗಟ್ಟಲೆ ಬ್ಯಾರಕ್ಕಿನಲ್ಲಿ ಕೈಕಟ್ಟಿ ಕೂರುತ್ತಾನೆ. ಶಿಕ್ಷೆಯಾದವನಿಗೆ ಬೇಡದ ಕೆಲಸ, ಶಿಕ್ಷೆಯಾಗದವನಿಗೆ ಬೇಕಾದರೂ ಸಿಗದ ಕೆಲಸ: ದುಡಿಮೆಯನ್ನು ಶಿಕ್ಷೆಯ ಲೆಕ್ಕದಲ್ಲಿ ಬರೆದದ್ದರ ಫಲವಿದು.

ನಮ್ಮ ನಾಡಿನಲ್ಲಿ 12ನೆಯ ಶತಮಾನದಲ್ಲಿ ನುಲಿಯ ಚಂದಯ್ಯ ಎಂಬ ಶರಣರಿದ್ದರು. ಹುಲ್ಲು ಕೊಯ್ದು ತಂದು, ಹಗ್ಗ ಹೊಸೆದು ಮಾರಿ, ಬಂದ ಹಣದಿಂದ ಹಸಿದವರಿಗೆ ಉಣಿಸುವುದು ಅವರ ಕಾಯಕ. ಅದನ್ನು ಪೂಜೆಗಿಂತ ಮುಂದೆ ಇಟ್ಟವರು ಅವರು. ಹಗ್ಗ ಹೊಸೆಯುವುದು ಹಗುರದ ಕೆಲಸವಲ್ಲ. ಅವರ ಕೈಯೂ ಗಂಟುಕಟ್ಟಿರಬೇಕು. ಕಠಿಣವಾಗಿರುವುದು ದುಡಿಮೆಯ ದೋಷವಲ್ಲ. ಗದ್ದೆಯಲ್ಲಿ ನಾಟಿ ಹಾಕುವವರು, ಚರಂಡಿ ತೊಳೆಯುವವರು, ಗಣಿಯಲ್ಲಿ ಇಳಿದವರು ಯಾವ ಅಪರಾಧವನ್ನೂ ಮಾಡಿಲ್ಲ. ಕಠಿಣ ದುಡಿಮೆಯೇ ದಂಡನೆ ಎಂದು ಕಾನೂನು ಹೇಳಿದಾಗ ಅದು ಜೈಲಿನೊಳಗಿನವನನ್ನಷ್ಟೇ ಅಲ್ಲ, ದಿನವೂ ಹಾಗೆ ದುಡಿದು ಮನೆ ನಡೆಸುವ ಕೋಟ್ಯಂತರ ಜನರನ್ನೂ ಕೀಳು ಮಾಡುತ್ತದೆ.

ಹೀಗೆ ಹೇಳಿದರೆ, ಕೊಲೆ ಮಾಡಿದವನ ಮೇಲೆ, ಅತ್ಯಾಚಾರ ಮಾಡಿದವನ ಮೇಲೆ ಇಷ್ಟು ಕನಿಕರವೇಕೆ ಎಂದು ಕೇಳುವವರಿದ್ದಾರೆ. ನೊಂದವರ ಪರವಾಗಿ ಬರುವ ಆ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಅಪರಾಧಿಗೆ ಶಿಕ್ಷೆಯಾಗಲಿ. ಸ್ವಾತಂತ್ರ್ಯವನ್ನು ಕಳೆದುಕೊಳ್ಳುವುದೇ ದೊಡ್ಡ ಶಿಕ್ಷೆ. ಅದರ ಅವಧಿಯನ್ನು ನ್ಯಾಯಾಲಯ ನಿರ್ಧರಿಸಲಿ. ಆದರೆ ಅವನ ದಣಿವಿನಿಂದ ನೊಂದವರಿಗೆ ಏನು ಸಿಕ್ಕಿತು? ಮಾಂಸ ಕಳೆದುಕೊಂಡವನಿಗೆ ಬರ್ಮಿಂಗ್‌ಹ್ಯಾಮಿನ ಆ ಹುಡುಗನ ಹತ್ತು ಸಾವಿರ ಸುತ್ತಿನಿಂದ ಒಂದು ಕಾಸೂ ಹುಟ್ಟಲಿಲ್ಲ. ನಿಜವಾದ ಕೂಲಿಯ ನಿಜವಾದ ಕೆಲಸದಿಂದ ಮಾತ್ರ ನೊಂದವರ ಪಾಲು ಹುಟ್ಟಲು ಸಾಧ್ಯ.

ಕ್ಯೂಬಿಟ್ ಅವರೇ, ನಿಮ್ಮನ್ನು ಕೇಳಿದ ಪ್ರಶ್ನೆಗೆ ಇನ್ನೊಂದು ಉತ್ತರ ಇತ್ತು. ಅದನ್ನು ಕೊಡುವ ಸರದಿ ಈಗ ನಮ್ಮದು. ಸಂಹಿತೆಯ 4ನೇ ಕಲಮಿನಿಂದ ಕಠಿಣ ದುಡಿಮೆ ಎಂಬ ಮಾತನ್ನು ಸಂಸತ್ತು ತೆಗೆಯಲಿ. ಸೆರೆವಾಸ ಒಂದೇ ಬಗೆಯದಾಗಲಿ. ಜೈಲಿನೊಳಗಿನ ಕೆಲಸ ಕೇಳಿ ಪಡೆಯುವ ಹಕ್ಕಾಗಲಿ, ವಿಚಾರಣಾಧೀನರಿಗೂ ಅದು ಸಿಗಲಿ. ಹೊರಗೆ ಬಂದ ಮೇಲೆ ಅನ್ನ ಕೊಡುವ ಕಸುಬು ಕಲಿಸಲಿ, ಕೂಲಿ ಕೈದಿಯ ಖಾತೆಗೆ, ಅವನ ಮನೆಗೆ, ನೊಂದವರಿಗೆ ಹಂಚಿ ಹೋಗಲಿ. ಗುಡಿಸುವ ಪೊರಕೆ ಜಾತಿ ಕೇಳದೆ ಎಲ್ಲರ ಕೈಗೂ ಬರುತ್ತಿದೆಯೇ ಎಂದು ನ್ಯಾಯಾಧೀಶರು ಜೈಲಿಗೆ ಹೋಗಿ ನೋಡಲಿ. ಇದಕ್ಕೆ ಹೊಸ ಯಂತ್ರ ಬೇಕಿಲ್ಲ. ಶಾಸಕರು ಒಂದು ಸಾಲನ್ನು ಅಳಿಸಬೇಕು, ಅಳಿಸಿ ಎಂದು ನಾವು ಕೇಳಬೇಕು. ನಾನು ಕೇಳುತ್ತಿದ್ದೇನೆ.

ಇಂತಿ,
ದುಡಿಮೆಯನ್ನು ಗೌರವಿಸುವ ಕರ್ನಾಟಕದ ಒಬ್ಬ ನಾಗರಿಕ